ಬಳ್ಳಿ ಮಲಗುವ ಇಪ್ಪತ್ತೆರಡು ದಿನ

ಅನಂತಪುರದ ಹೊರಗೆ, ಅಥಣಿ ರಸ್ತೆಯ ಬಲಕ್ಕೆ, ನಾಲ್ಕು ವರ್ಷಗಳಿಂದ ಒಂದು ಸಬ್‌ಸ್ಟೇಷನ್ ಕಟ್ಟುತ್ತಲೇ ಇದ್ದರು. ಹದಿನೆಂಟು ತಿಂಗಳಲ್ಲಿ ಮುಗಿಯಬೇಕಾಗಿದ್ದ ಕೆಲಸ ಅದು. 2012ರ ಜೂನಿನಲ್ಲಿ, ಮಳೆ ಬಂದೇಬಿಟ್ಟಿತು ಅನ್ನಿಸಿ ಬಾರದೆ ಹೋದ ಒಂದು ಮಧ್ಯಾಹ್ನ, ನೀಲಮ ಅಲ್ಲಿ ಬಸ್ಸಿನಿಂದ ಇಳಿದಳು. ನಿಪ್ಪಾಣಿಯವಳು, ಇಪ್ಪತ್ತೇಳು ವರ್ಷ, ಚೀಲದಲ್ಲಿ ವರ್ಗಾವಣೆಯ ಆದೇಶ. ಅವಳಿಗಿಂತ ಮೊದಲು ಮೂವರು ಎಂಜಿನಿಯರುಗಳು ಇದೇ ಕೆಲಸಕ್ಕೆ ಬಂದು, ಅದನ್ನು ಮುಗಿಸದೆಯೇ ಬೇರೆ ಊರಿಗೆ ಹೋಗಿದ್ದರು.

ತಂತಿಬೇಲಿಯ ಗೇಟಿಗೆ ಬೀಗ ಇರಲಿಲ್ಲ. ಒಳಗೆ ಜಲ್ಲಿ ಹಾಸಿದ ದೊಡ್ಡ ಅಂಗಳ. ಅದರ ನಡುವೆ ಕಬ್ಬಿಣದ ಎತ್ತರದ ಚೌಕಟ್ಟುಗಳು ನಿಂತಿದ್ದವು. ಗೋಡೆ ಕಟ್ಟುವುದನ್ನು ಮರೆತು ಬಾಗಿಲುಗಳನ್ನಷ್ಟೇ ನಿಲ್ಲಿಸಿ ಹೋದ ಹಾಗಿತ್ತು. ಜಲ್ಲಿಯ ಸಂದಿನಲ್ಲಿ ಹುಲ್ಲು ಬೆಳೆದು ಹೂ ಬಿಟ್ಟಿತ್ತು. ಕಂಟ್ರೋಲ್ ರೂಮಿಗೆ ಗೋಡೆಯಿತ್ತು, ಕಿಟಕಿ ಇರಲಿಲ್ಲ. ಗುಬ್ಬಿಗಳು ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಬೀಳುತ್ತಿದ್ದವು. ದೊಡ್ಡ ಟ್ರಾನ್ಸ್‌ಫಾರ್ಮರು ಎರಡು ವರ್ಷದ ಹಿಂದೆಯೇ ಬಂದು ತಾಡಪತ್ರಿ ಹೊದ್ದು ತನ್ನ ಕಟ್ಟೆಯ ಮೇಲೆ ಕೂತಿತ್ತು. ಅದರ ನೆರಳಿನಲ್ಲಿ ಒಬ್ಬ ಮನುಷ್ಯ ಮುಖದ ಮೇಲೆ ಟವೆಲ್ ಹಾಕಿಕೊಂಡು ನಿದ್ದೆ ಹೋಗಿದ್ದ.

ಅವನು ದುರಗಪ್ಪ, ಟವರ್ ನಿಲ್ಲಿಸುವ ಗ್ಯಾಂಗಿನ ಮೇಸ್ತ್ರಿ. ಮುಗಳಖೋಡದವನು. ಎಬ್ಬಿಸಿದಾಗ ಗಾಬರಿಯಾಗಲಿಲ್ಲ, ನಾಚಿಕೊಳ್ಳಲೂ ಇಲ್ಲ. ಎದ್ದು ಕೂತು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

"ಕೆಲ್ಸಾ ಯಾಕ ನಿಂತೈತ್ರಿ?" ಎಂದು ನೀಲಮ ಕೇಳಿದಳು.

"ಯಾವ ಕೆಲ್ಸದ್ದ ಹೇಳ್ಲಿರಿ ಮ್ಯಾಡಮ್ರ? ಕಿಟಕಿ ಆದ ಮ್ಯಾಲ ಪ್ಯಾನಲ್ ತರ್ತೇವಂತ ಅವ್ರ ಕುಂತಾರ. ಪ್ಯಾನಲ್ ಬರ್ಲಿ, ನೋಡಿ ಕಿಟಕಿ ಕೂಡಸ್ತೇವಂತ ಇವ್ರ ಕುಂತಾರ. ಲೈನ್ ಬಂದಿಲ್ಲಂತ ಎಲ್ಲಾರೂ ಕುಂತಾರ. ಲೈನಿಗೆ ಒಂದ ಟವರ್ ಬಾಕಿ ಐತಿ, ಅದಕ್ಕ ನಾ ಕುಂತೀನಿ." ಅವನು ಟವೆಲ್ ಹೆಗಲಿಗೆ ಹಾಕಿಕೊಂಡ. "ನಾಕ ವರ್ಷದಾಗ ಕೆಲ್ಸಾ ಮಾಡಿದ್ದಕ್ಕಿಂತ ಕುಂತಿದ್ದ ಹೆಚ್ಚರಿ."

ಆ ಸಂಜೆ ಅವಳು ಅಥಣಿಯ ಬಾಡಿಗೆ ಕೋಣೆಯಲ್ಲಿ ಕಡತ ಓದಿದಳು. ಪ್ರತಿ ತಿಂಗಳೂ ವಿಳಂಬದ ಕಾರಣಗಳನ್ನು ಬರೆದು ಚಿಕ್ಕೋಡಿಯ ದೊಡ್ಡ ಸಾಹೇಬರಿಗೆ ಕಳಿಸಿದ್ದರು. ಮಳೆ, ಸಾಮಗ್ರಿ ಬಂದಿಲ್ಲ, ಗುತ್ತಿಗೆದಾರರ ನಿರ್ಲಕ್ಷ್ಯ. ಕೊನೆಯ ಸಾಲು ಮಾತ್ರ ಎಲ್ಲ ಹಾಳೆಯಲ್ಲೂ ಒಂದೇ ಇತ್ತು: ‘ಟವರ್ ನಂ. 41, ಜಮೀನು ಮಾಲೀಕರ ಅಡ್ಡಿ.’

ನೀಲಮಳಿಗೆ ಚಿಕ್ಕಂದಿನಿಂದ ಒಂದು ಅಭ್ಯಾಸವಿತ್ತು. ಅವಳ ಅವ್ವ ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಗೆ ಎಲೆ ಆರಿಸುವ ಕೆಲಸಕ್ಕೆ ಹೋಗುವಾಗ ಮಗಳನ್ನೂ ಕರೆದೊಯ್ಯುತ್ತಿದ್ದಳು. ಹಂಚಿನ ಸಂದಿನಿಂದ ಬಿಸಿಲಿನ ಕೋಲು ಇಳಿದು, ಅದರೊಳಗೆ ತಂಬಾಕಿನ ದೂಳು ಬಂಗಾರದ ಹಾಗೆ ಏಳುತ್ತ ಇಳಿಯುತ್ತ ಇರುತ್ತಿತ್ತು. ಮಗು ಅದನ್ನೇ ನೋಡುತ್ತ ಕಣ್ಣು ಅರೆ ಮುಚ್ಚಿ ಎಲ್ಲಿಗೋ ಹೋಗಿಬಿಡುತ್ತಿತ್ತು. ಶಾಲೆಯಲ್ಲೂ ಹಾಗೆ, ಬೆಳಗಾವಿಯ ಕಾಲೇಜಿನಲ್ಲೂ ಹಾಗೆ. ಮಾಸ್ತರರು ಬೈದರು, ಗೆಳತಿಯರು ನಕ್ಕರು, ಅಭ್ಯಾಸ ಹೋಗಲಿಲ್ಲ.

ಅನಂತಪುರದಲ್ಲಿ ಅದು ಕೆಲಸಕ್ಕೆ ಬಂತು. ಊಟದ ಹೊತ್ತು ಅವಳು ಕಬ್ಬಿಣದ ಚೌಕಟ್ಟಿನ ಸಣಕಲು ನೆರಳಿನಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದಳು. ಮುಚ್ಚಿದ ಕಣ್ಣಿನೊಳಗೆ ಸ್ಟೇಷನ್ ಮುಗಿದುಹೋಗಿರುತ್ತಿತ್ತು. ಗೇಟಿಗೆ ಬಣ್ಣ, ತಲೆಯ ಮೇಲೆ ತಂತಿ, ಟ್ರಾನ್ಸ್‌ಫಾರ್ಮರಿನ ಸಣ್ಣ ಗುಂಯ್‌ಗುಟ್ಟುವಿಕೆ. ಅವಳು ಅಲ್ಲಿ ಅಡ್ಡಾಡುತ್ತಿದ್ದಳು. ಆಮೇಲೆ ಒಂದೊಂದನ್ನೇ ತೆಗೆಯುತ್ತ ಹಿಂದಕ್ಕೆ ನಡೆಯುತ್ತಿದ್ದಳು. ಕರೆಂಟು ಬರುವ ಹಿಂದಿನ ದಿನ ಏನಿರಬೇಕು? ಪರೀಕ್ಷೆ ಆಗಿರಬೇಕು. ಪರೀಕ್ಷೆಗೆ ಮುಂಚೆ ಕೇಬಲ್ಲು ಎಳೆದಿರಬೇಕು. ಕೇಬಲ್ಲಿಗೆ ಮುಂಚೆ ಪ್ಯಾನಲ್ಲು, ಅದಕ್ಕೂ ಮುಂಚೆ ದೂಳು ಬಾರದ ಕೋಣೆ. ಹೀಗೆ ಹಿಂದಕ್ಕೆ ಬರುತ್ತ ಬರುತ್ತ ಅವಳು ಈ ಮಧ್ಯಾಹ್ನಕ್ಕೆ, ಈ ಜಲ್ಲಿಯ ಮೇಲೆ ಬಂದು ನಿಲ್ಲುತ್ತಿದ್ದಳು. ಕಣ್ಣು ತೆರೆದಾಗ ಇವತ್ತು ಯಾರಿಗೆ ಫೋನ್ ಮಾಡಬೇಕೆಂದು ತಿಳಿದಿರುತ್ತಿತ್ತು.

ಕಿಟಕಿಯ ಗಂಟು ಎರಡು ದಿನದಲ್ಲಿ ಬಿಚ್ಚಿತು. ಪ್ಯಾನಲ್ಲಿನ ಅಳತೆ ನಕ್ಷೆಯಲ್ಲೇ ಇತ್ತು. ಅದನ್ನು ಕಿಟಕಿಯವನಿಗೆ ಯಾರೂ ತೋರಿಸಿರಲಿಲ್ಲ, ಅಷ್ಟೆ. ಶ್ರಾವಣ ಮುಗಿಯುವುದರೊಳಗೆ ಗುಬ್ಬಿಗಳು ಬೇರೆ ಮನೆ ನೋಡಿಕೊಂಡವು.

ಒಂದು ಕಡೆ ಮಾತ್ರ ಕನಸು ಕಡಿದುಹೋಗುತ್ತಿತ್ತು. ಕಾಗವಾಡದ ಕಡೆಯಿಂದ ಟವರುಗಳು ಕಬ್ಬಿನ ಮೇಲೆ ಹೆಜ್ಜೆ ಇಡುತ್ತ, ಕೈಯಲ್ಲಿ ತಂತಿ ಹಿಡಿದು ಬರುತ್ತಿದ್ದವು. ನಲವತ್ತನೆಯದು ಬಂದು ನಿಲ್ಲುತ್ತಿತ್ತು. ಅದರಾಚೆ ದ್ರಾಕ್ಷಿ ತೋಟದ, ಆ ಕಡೆಯವರ ಮಾತಿನಲ್ಲಿ ಪಡದ, ಹಸಿರು ಚಪ್ಪರ, ಮೇಲೆ ಬರೀ ಆಕಾಶ. ಅಲ್ಲಿಗೆ ಬಂದೊಡನೆ ಅವಳಿಗೆ ಎಚ್ಚರವಾಗುತ್ತಿತ್ತು.

ಅಕ್ಟೋಬರಿನಲ್ಲಿ ಒಂದು ಬೆಳಗ್ಗೆ ಅವಳು ಆ ಪಡಕ್ಕೆ ಹೋದಳು. ಕಾಗದ ಒಯ್ಯಲಿಲ್ಲ, ಜೀಪು ಒಯ್ಯಲಿಲ್ಲ. ದುರಗಪ್ಪ ದಾರಿ ತೋರಿಸಿ, "ನಾ ಇಲ್ಲೇ ನಿಲ್ತೀನ್ರಿ. ಆ ಆಯಿ ನನ್ನ ಮಾರಿ ನೋಡಿದ್ರ ಕತ್ರಿ ತಗೋತಾಳ" ಎಂದು ಬದುವಿನ ಮೇಲೇ ಉಳಿದ.

ಪಡದ ಒಡತಿ ಸೋನಾಬಾಯಿಗೆ ಅರವತ್ತರ ಮೇಲೆ ವಯಸ್ಸು. ಕಚ್ಚೆ ಸೀರೆ, ತಲೆಗೆ ಸುತ್ತಿದ ಬಿಳಿ ವಸ್ತ್ರ. ಗಂಡ ತೀರಿದ ಮೇಲೆ ಮೂರು ಎಕರೆ ದ್ರಾಕ್ಷಿಯನ್ನು ತಾನೇ ನೋಡಿಕೊಂಡವಳು. ಆ ದಿನ ಬಳ್ಳಿ ಸವರುವ ಚಾಟಣಿ ನಡೆದಿತ್ತು. ಸಾಲು ಸಾಲು ಹೆಂಗಸರು ಕತ್ತರಿ ಹಿಡಿದು ಬಳ್ಳಿ ಕತ್ತರಿಸುತ್ತ ಹೋದರೆ, ಹಿಂದಿನವರು ಉಳಿದ ಕಡ್ಡಿಯ ಕಣ್ಣಿಗೆ, ಚಿಗುರು ಒಡೆಯುವ ಗಂಟಿಗೆ, ಅರಿವೆಯಿಂದ ಔಷಧ ಹಚ್ಚುತ್ತಿದ್ದರು.

"ಲೈಟಿನವ್ರ ಮತ್ತ ಬಂದ್ರೇನ?" ಎಂದಳು ಸೋನಾಬಾಯಿ, ತಿರುಗಿ ನೋಡದೆ.

"ಬಂದೇನ್ರಿ ಆಯಿ. ಬರೇ ಮಾತಾಡಾಕ."

"ಮಾತಾಡಾಕ ಹೊತ್ತಿಲ್ಲ ನನಗ. ಕುಂದ್ರು."

ನೀಲಮ ಬದುವಿನ ಮೇಲೆ ಕೂತಳು. ಕತ್ತರಿಗಳ ಸದ್ದು ಒಂದೇ ಸಮ ಬರುತ್ತಿತ್ತು, ತೆಳು ಮಳೆ ತಗಡಿನ ಮೇಲೆ ಬಿದ್ದ ಹಾಗೆ. ಕತ್ತರಿಸಿದ ಕಡ್ಡಿಯ ತುದಿಯಲ್ಲಿ ನೀರಿನ ಹನಿ ಮೂಡಿ, ದಪ್ಪವಾಗಿ, ಬೀಳಲೋ ಬೇಡವೋ ಎಂದು ನಿಂತಿರುತ್ತಿತ್ತು. ಅವಳು ಒಂದೊಂದೇ ಹನಿ ನೋಡುತ್ತ ತನ್ನ ಲೋಕಕ್ಕೆ ಹೋಗಿಬಿಟ್ಟಳು. ಹೊತ್ತು ಎಷ್ಟಾಯಿತೋ, ಸೋನಾಬಾಯಿ ಬಂದು ಪಕ್ಕದಲ್ಲಿ ಕೂತಾಗ ಹೆಂಗಸರು ಬುತ್ತಿ ಬಿಚ್ಚಿದ್ದರು.

"ಎದ್ದ ಹೋಗ್ತೀ ಅನ್ಕೊಂಡಿದ್ದೆ" ಎಂದಳು ಮುದುಕಿ. "ಹಿಂದ ಬಂದವ್ರಿಗೆ ಒಂದ ತಾಸ ಕುಂಡ್ರೂ ತಾಳ್ಮಿ ಇರ್ಲಿಲ್ಲ. ಮೊದ್ಲ ಬಂದಾಂವ, ಹಿಂಗ ಚಾಟಣಿ ಆಗಿ ಕಣ್ಣ ಒಡಿಯೂ ಮುಂದ ಜೆಸಿಬಿ ತಂದ. ಎರಡನ್ಯಾಂವ ಕಾಯಾಗ ನೀರ ತುಂಬೂ ಹೊತ್ತಿಗೆ ಬಂದ. ಮೂರನ್ಯಾಂವ ದ್ರಾಕ್ಷಿ ಕಡಿಯೂ ದಿನಾನ ಪೊಲೀಸ್ರನ್ನ ಕರ್ಕೊಂಡ ಬಂದ. ಬ್ಯಾಡ ಅನ್ನದ ಏನ ಮಾಡ್ಲಿ ಬಾಳಾ? ಜೆಸಿಬಿ ಮುಂದ ಮಲಗಿದ್ನಿ."

"ಹಂಗಾದ್ರ ಯಾವಾಗ ಬರ್ಲಿ ಆಯಿ?"

ಸೋನಾಬಾಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ತುಂಡನ್ನು ಬುತ್ತಿಯಲ್ಲೇ ಇಟ್ಟು ಚಪ್ಪರದ ಕಡೆ ತಿರುಗಿದಳು.

"ಬಳ್ಳಿ ಮಲಗ್ತೈತೆಲಾ, ಅವಾಗ ಬಾ."

"ಮಲಗ್ತೈತಿ ಅಂದ್ರ?"

"ಮಾರ್ಚದಾಗ ದ್ರಾಕ್ಷಿ ಎಲ್ಲಾ ಇಳದ ಒಣಾಕ ಶೆಡ್ಡಿಗೆ ಹೋಕ್ಕಾವ. ಎಪ್ರಿಲದಾಗ ಮತ್ತ ಚಾಟಣಿ. ನಡುವ ಅದಕ್ಕೊಂದ ಇಪ್ಪತ್ತೆರಡ ದಿನ ನಿದ್ದಿ. ನೀರ ಬೇಡೂದಿಲ್ಲ, ಗೊಬ್ಬರ ಬೇಡೂದಿಲ್ಲ. ಡೊಳ್ಳ ಬಾರಿಸಿದ್ರೂ ಎಚ್ಚರಿಲ್ಲ. ಅವಾಗ ಬಂದ ನಿಮ್ಮ ಕಂಬಾ ಹುಗಕೋರಿ. ಹದಿನಾಕ ಬಳ್ಳಿ ಹೋಕ್ಕಾವ, ಹೋಗ್ಲಿ. ಆದ್ರ ಚಾಟಣಿ ದಿನಾ ನಿಮ್ಮ ಒಬ್ಬ ಮನಿಷ್ಯಾನೂ ಪಡದಾಗ ಇರಬಾರ್ದ."

ಚಿಕ್ಕೋಡಿಯಲ್ಲಿ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂದ್ರ ಮಾರ್ಚ್ ತನಕ ಐದು ತಿಂಗಳು ನಾವು ಸುಮ್ಮನೆ ಕೂಡೋದಾ? ವಿಳಂಬ ಕಡಿಮೆ ಮಾಡ್ರಿ ಅಂತ ನಿಮ್ಮನ್ನ ಅಲ್ಲಿ ಹಾಕಿದ್ರೆ, ನೀವು ಕಾಯೋಣ ಅಂತೀರಿ."

"ಕೂಡೂದಿಲ್ಲ ಸರ್" ಎಂದಳು ನೀಲಮ. "ಆ ಟವರಿಗೆ ಇಪ್ಪತ್ತೆರಡು ದಿನ ಸಾಕಾಗೂ ಹಂಗ ಮಾಡಾಕ ಐದು ತಿಂಗಳು ಬೇಕು."

ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡು ಕಡತಕ್ಕೆ ಸಹಿ ಹಾಕಿದರು. ಬೇರೆ ದಾರಿ ಅವರಿಗೂ ಇರಲಿಲ್ಲ.

ನೀಲಮ ಲೆಕ್ಕ ಹಾಕಿದಳು. ನಾಲ್ಕು ಕಾಲಿಗೆ ನಾಲ್ಕು ಗುಂಡಿ ತೋಡಲು ಎರಡು ದಿನ. ಕಾಲು ಕೂಡಿಸಿ ಕಾಂಕ್ರೀಟ್ ಹಾಕಲು ಮೂರು. ಕಾಂಕ್ರೀಟ್ ಗಟ್ಟಿಯಾಗಲು ಹದಿನಾಲ್ಕು ದಿನ. ಅದರಲ್ಲಿ ಒಂದು ದಿನವನ್ನೂ ಕದಿಯುವಂತಿಲ್ಲ. ಉಳಿದದ್ದು ಮೂರು. ಮೂರು ದಿನದಲ್ಲಿ ಇಡೀ ಟವರ್ ಎದ್ದು ನಿಲ್ಲಬೇಕು.

"ಆಗೂದಿಲ್ರಿ" ಎಂದ ದುರಗಪ್ಪ. "ಹತ್ತ ದಿನಾ ಬೇಕ. ಅದೂ ಎಲ್ಲಾ ತುಂಡ ಸರಿ ಇದ್ರ. ಮ್ಯಾಲ ಏರಿದ ಮ್ಯಾಲ ಒಂದ ಪಟ್ಟಿ ಕೂಡ್ಲಿಲ್ಲಂದ್ರ, ಅದು ಫ್ಯಾಕ್ಟರಿಂದ ಬರೂತನಾ ಎರಡ ತಿಂಗಳ ನಾವು ಕೆಳಗ, ಅರ್ಧಾ ಟವರ್ ಮ್ಯಾಲ."

ಮರುದಿನ ಮಧ್ಯಾಹ್ನ ಅವಳು ಎಂದಿನಂತೆ ಕಣ್ಣು ಮುಚ್ಚಿ ಕೂತಾಗ, ಕನಸಿನ ನಲವತ್ತೊಂದನೆಯ ಟವರ್ ನಿಂತಿರಲಿಲ್ಲ. ಅಂಗಳದ ಜಲ್ಲಿಯ ಮೇಲೆ ಉದ್ದಕ್ಕೆ ಮಲಗಿತ್ತು. ಅವಳು ಎದ್ದವಳೇ ದುರಗಪ್ಪನನ್ನು ಕೂಗಿದಳು.

"ದುರಗಪ್ಪಣ್ಣ, ಟವರ್ ಇಲ್ಲೇ ಕಟ್ಟೂಣು. ನೆಲದ ಮ್ಯಾಲ. ಮಲಗಿಸಿ."

ಅವನು ತಲೆ ಕೆರೆದುಕೊಂಡ. ಮಾಡಿದ. ಜನವರಿಯ ಹೊತ್ತಿಗೆ ಅಂಗಳದ ಉದ್ದಕ್ಕೂ ಒಂದು ಟವರ್ ಮಗ್ಗುಲಾಗಿ ಮಲಗಿತ್ತು. ಬೆಳಗ್ಗೆ ಕೃಷ್ಣೆಯ ಕಡೆಯಿಂದ ಮಂಜು ಬಂದು ಅಂಗಳ ತುಂಬಿದಾಗ ಅದರ ಒಂದು ಪಕ್ಕೆ ಮಾತ್ರ ಮೇಲೆ ಕಾಣುತ್ತಿತ್ತು, ನೀರಿನಲ್ಲಿ ತೇಲುವ ಯಾವುದೋ ದೊಡ್ಡ ಪ್ರಾಣಿಯ ಹಾಗೆ. ಬೆಳ್ಳಕ್ಕಿಗಳು ಅದರ ಮೇಲೆ ಸಾಲಾಗಿ ಕೂರುತ್ತಿದ್ದವು. ರಸ್ತೆಯಲ್ಲಿ ಕಬ್ಬಿನ ಗಾಡಿ ಹೊಡೆದುಕೊಂಡು ಹೋಗುವವರು ಎತ್ತು ನಿಲ್ಲಿಸಿ ನೋಡಿ ಹೋಗುತ್ತಿದ್ದರು. ಹನ್ನೊಂದು ತುಂಡು ಬೇರೆ ಯಾವುದೋ ಟವರಿನವು ಎಂದು ಗೊತ್ತಾಯಿತು. ಅವನ್ನು ವಾಪಸು ಕಳಿಸಿ ಸರಿಯಾದವನ್ನು ತರಿಸಿಕೊಳ್ಳಲು ಏಳು ವಾರ ಹಿಡಿಯಿತು. ಆ ಏಳು ವಾರ ಯಾರ ಹೊಲದಲ್ಲೂ ಯಾರೂ ಕಾಯಲಿಲ್ಲ. ದುರಗಪ್ಪ ಪ್ರತಿ ತುಂಡಿಗೂ ಬಣ್ಣದಿಂದ ನಂಬರು ಬರೆದು, ಮತ್ತೆ ಬಿಚ್ಚಿ, ಎತ್ತುವಷ್ಟು ದೊಡ್ಡ ಭಾಗಗಳನ್ನಾಗಿ ಜೋಡಿಸಿಟ್ಟ. ಅವನು ಹಗಲು ಮಲಗುವುದನ್ನು ಬಿಟ್ಟಿದ್ದನ್ನು ನೀಲಮ ಆಗ ಗಮನಿಸಿದಳು.

ಮಾರ್ಚ್ ಹನ್ನೊಂದಕ್ಕೆ ಪಡದ ಕೆಲಸ ಶುರುವಾಯಿತು. ದ್ರಾಕ್ಷಿ ಇಳಿದು ಎರಡು ದಿನವಾಗಿತ್ತು; ಚಪ್ಪರದ ಕೆಳಗೆ ಇನ್ನೂ ಸಿಹಿ ವಾಸನೆಯಿತ್ತು. ಎಲೆಗಳು ಹಳದಿಗೆ ತಿರುಗಿ, ಅವುಗಳ ಮೂಲಕ ಬಂದ ಬಿಸಿಲೂ ಹಳದಿಯಾಗಿ, ಕೆಲಸದವರ ಮೈಮೇಲೆ ಅಲ್ಲಾಡುತ್ತಿತ್ತು. ಎಲ್ಲರೂ ಕಾರಣವಿಲ್ಲದೆ ಮೆತ್ತಗೆ ಮಾತಾಡುತ್ತಿದ್ದರು.

ಎರಡನೆಯ ದಿನ ಸಂಜೆ ಮೂರನೆಯ ಗುಂಡಿಯಲ್ಲಿ ನೀರು ಬಂತು. ತಳದ ಒಂದು ಮೂಲೆಯಿಂದ ಸದ್ದಿಲ್ಲದೆ ಜಿನುಗಿ, ಬೆಳಗಾಗುವುದರೊಳಗೆ ಎದೆಮಟ್ಟ ತುಂಬಿತು. ತುಂಬಿದ ನೀರಿನಲ್ಲಿ ಆಕಾಶ ತಣ್ಣಗೆ ಮಲಗಿತ್ತು. ನೀಲಮ ದಂಡೆಯಲ್ಲಿ ನಿಂತು ಅದನ್ನೇ ನೋಡಿದಳು. ಇಷ್ಟು ಚೆಂದದ ನೀರನ್ನು ಕಂಡು ಅವಳಿಗೆ ಅಳು ಬಂತು. ಕನಸಿನಲ್ಲಿ ಹಿಂದಕ್ಕೆ ನಡೆಯುವಾಗ ಈ ಗುಂಡಿಯನ್ನು ಅವಳು ನೂರು ಸಲ ದಾಟಿದ್ದಳು, ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ನೀರು ಎತ್ತಲು ಕರೆಂಟಿನ ಪಂಪಿತ್ತು, ಹಗಲು ಕರೆಂಟಿರಲಿಲ್ಲ. ಆ ಭಾಗದ ಪಂಪುಗಳಿಗೆಲ್ಲ ಕರೆಂಟು ಬರುತ್ತಿದ್ದುದು ರಾತ್ರಿ. ಸೋನಾಬಾಯಿ ತನ್ನ ಹಳೆಯ ಡೀಸೆಲ್ ಇಂಜಿನ್ ತೆಗೆಸಿಕೊಟ್ಟಳು. ಎರಡು ದಿನ ಎತ್ತಿದರೂ ನೀರು ಮತ್ತೆ ಮತ್ತೆ ತುಂಬಿತು. ಆಗ ದುರಗಪ್ಪ ಹೇಳಿದ: "ಬಾಜೂಕ ಇನ್ನೊಂದ ಸಣ್ಣ ಗುಂಡಿ ತಗೀಣ್ರಿ, ಇದಕ್ಕಿಂತ ಆಳ. ನೀರ ಅದಕ್ಕ ಇಳೀತೈತಿ, ಅಲ್ಲಿಂದ ಎತ್ತೂಣು." ಹಾಗೇ ಮಾಡಿದರು. ಗುಂಡಿ ಒಣಗಿತು. ಆದರೆ ಒಟ್ಟು ಆರು ದಿನ ಹೋಗಿತ್ತು.

ಏಪ್ರಿಲ್ ಒಂದಕ್ಕೆ ಮುಗಿಯಬೇಕಾದದ್ದು ಇನ್ನು ಏಳಕ್ಕೆ. ಚಾಟಣಿ ಎರಡನೆಯ ತಾರೀಖಿಗೆ ಗೊತ್ತಾಗಿತ್ತು. ನೀಲಮ ಮೂರು ಸಲ ಸೋನಾಬಾಯಿಯ ಮನೆಯ ತನಕ ಹೋಗಿ ಮೂರು ಸಲ ತಿರುಗಿ ಬಂದಳು. ನಾಲ್ಕನೆಯ ಸಲ ಮುದುಕಿಯೇ ಹೊರಗೆ ಕೂತಿದ್ದಳು.

"ಆಯಿ, ನನ್ನ ಮಾತ ಉಳೀಲಿಲ್ಲ. ಇನ್ನೂ ಆರ ದಿನಾ ಬೇಕ. ಬ್ಯಾಡ ಅಂದ್ರ ಗುಂಡಿ ಮುಚ್ಚಿ ಹೋಗ್ತೇವಿ. ಮುಂದಿನ ಮಾರ್ಚಕ್ಕ ಬರ್ತೇವಿ."

ಸೋನಾಬಾಯಿ ಎದ್ದು ಪಡಕ್ಕೆ ನಡೆದಳು. ನೀಲಮ ಹಿಂದೆ ಹೋದಳು. ಮುದುಕಿ ಒಂದು ಬಳ್ಳಿಯ ಕಡ್ಡಿ ಹಿಡಿದು ಬಗ್ಗಿಸಿದಳು, ಉಗುರಿನಿಂದ ಸಿಪ್ಪೆ ಕೆರೆದಳು, ಕಣ್ಣನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಜ್ವರ ಬಂದ ಕೂಸಿನ ಹಣೆ ಮುಟ್ಟುವವರ ಹಾಗೆ. ಇನ್ನೊಂದು ಸಾಲಿಗೆ ಹೋಗಿ ಅಲ್ಲೂ ಹಾಗೇ ನೋಡಿದಳು.

"ಇನ್ನೂ ಎದ್ದಿಲ್ಲ" ಎಂದಳು ಕೊನೆಗೆ. "ಆರ ದಿನಾ ತಡೀತಾವ."

"ಮತ್ತ ಚಾಟಣಿ ಆಳು?"

"ನಮ್ಮ ಭಾವ ಮುರಗೆಪ್ಪನ ಪಡಾ ಐತಿ ಆಚಿ ಕಡೆ. ಅಂವಂದು ಎಂಟನೇ ತಾರೀಖಿಗಿತ್ತು. ನನ್ನ ಪಾಳಿ ಅಂವಗ ಕೊಡ್ತೀನಿ, ಅಂವನ ಪಾಳಿ ನಾ ತಗೋತೀನಿ. ಅಷ್ಟ." ಆಮೇಲೆ ನೀಲಮಳ ಮುಖ ನೋಡಿ, "ಏನ ಪೋರಿ, ಊಟಾ ಮಾಡಿಲ್ಲೇನ? ಬಾ" ಎಂದಳು.

ಕಾಂಕ್ರೀಟ್ ಬಿತ್ತು. ಹದಿನಾಲ್ಕು ದಿನ ಸೋನಾಬಾಯಿಯ ಬಾವಿಯ ನೀರು ಅದರ ಮೇಲೆ ಹರಿಯಿತು. ಅವುಗಳಲ್ಲಿ ಒಂದು ದಿನವೂ ಗ್ಯಾಂಗಿನವರು ಸುಮ್ಮನಿರಲಿಲ್ಲ. ಬಣ್ಣದ ನಂಬರು ನೋಡಿ ನೋಡಿ ಭಾಗಗಳನ್ನು ಬದುವಿನ ಆಚೆ ಸಾಲಾಗಿ ತಂದಿಟ್ಟರು. ಏಪ್ರಿಲ್ ಐದರಂದು ಹಗ್ಗ ಬಿಗಿಯಾಯಿತು. ಮೊದಲ ದಿನ ಕಾಲುಗಳು, ಎರಡನೆಯ ದಿನ ನಡು. ಮೂರನೆಯ ದಿನ, ಬಿಸಿಲು ಇಳಿಯುವ ಹೊತ್ತಿಗೆ, ಕೊನೆಯ ಬೋಲ್ಟು ಬಿಗಿದು ದುರಗಪ್ಪ ತುದಿಯಲ್ಲಿ ನಿಂತುಬಿಟ್ಟ. ಇಳಿದು ಬರಲೊಲ್ಲ.

"ಏನ ಕಾಣ್ತೈತ್ರೀ?" ಎಂದು ಕೆಳಗಿನಿಂದ ನೀಲಮ ಕೂಗಿದಳು.

"ನಲವತ್ತನೇದ್ದ ಕಾಣ್ತೈತಿ, ನಲವತ್ತೆರಡನೇದ್ದ ಕಾಣ್ತೈತಿ" ಎಂದು ಅವನು ಕೂಗಿದ. "ದೂರ ಹೊಳಿ ಕಾಣ್ತೈತ್ರಿ, ಬೆಳ್ಳಗ."

ಎಂಟರ ಬೆಳಗ್ಗೆ ಹೆಂಗಸರು ಕತ್ತರಿ ಹಿಡಿದು ಬಂದಾಗ ಪಡದಲ್ಲಿ ಕೆಲಸದವರು ಒಬ್ಬರೂ ಇರಲಿಲ್ಲ. ಒಂದು ಸಿಗರೇಟಿನ ತುಂಡೂ ಬಿದ್ದಿರಲಿಲ್ಲ. ದುರಗಪ್ಪ ತಾನೇ ಹೆಕ್ಕಿದ್ದ.

ತಂತಿ ಎಳೆಯುವ ಕೆಲಸ ಮಳೆಗಾಲಕ್ಕೆ ಮುಂಚೆ ಮುಗಿಯಿತು. ಆಗಸ್ಟಿನ ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ, ಮೋಡದ ಮಬ್ಬು ಬೆಳಕಿನಲ್ಲಿ, ಅನಂತಪುರದ ಸ್ಟೇಷನ್ನಿಗೆ ಕರೆಂಟು ಬಂತು. ಸ್ವಿಚ್ಚು ಹಾಕಲು ಹೇಳುವ ಮಾತನ್ನು ಸಾಹೇಬರು ನೀಲಮಳಿಗೇ ಬಿಟ್ಟರು. ಅವಳು ಹೇಳಿದಳು. ಟ್ರಾನ್ಸ್‌ಫಾರ್ಮರು ಒಮ್ಮೆ ಗಂಟಲು ಸರಿಮಾಡಿಕೊಂಡು, ಆಮೇಲೆ ಸಣ್ಣಗೆ ಗುಂಯ್‌ಗುಟ್ಟತೊಡಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಯಾರೋ ಪೇಢೆಯ ಪೆಟ್ಟಿಗೆ ಒಡೆದರು. ನೀಲಮಳಿಗೆ ಮಾತ್ರ ಇದು ನಡೆಯುತ್ತಿದೆಯೋ, ತಾನು ಚೌಕಟ್ಟಿನ ನೆರಳಿನಲ್ಲಿ ಕಣ್ಣು ಮುಚ್ಚಿ ಕೂತಿದ್ದೇನೋ ತಿಳಿಯದೆ ಹೋಯಿತು. ಜಲ್ಲಿಯ ಒಂದು ಕಲ್ಲು ಎತ್ತಿಕೊಂಡು ಅಂಗೈಯಲ್ಲಿ ಒತ್ತಿ ನೋಡಿದಳು. ಚುಚ್ಚಿತು. ಅವಳು ನಕ್ಕಳು.

ಡಿಸೆಂಬರಿನಲ್ಲಿ ವರ್ಗಾವಣೆ ಬಂತು, ರಾಯಬಾಗಕ್ಕೆ. ಅಲ್ಲಿಯೂ ಒಂದು ಕೆಲಸ ಎರಡು ವರ್ಷದಿಂದ ನಿಂತಿತ್ತು. ಹೊರಡುವ ದಿನ ಅವಳು ಸೋನಾಬಾಯಿಗೆ ಹೇಳಿ ಹೋಗಲು ಪಡಕ್ಕೆ ಬಂದಳು. ಹಗಲು ಹತ್ತು ಗಂಟೆ, ಕರೆಂಟಿನ ಪಂಪು ಓಡುತ್ತಿತ್ತು. ಗೊಂಚಲುಗಳು ಇನ್ನೂ ಹಸಿರು, ಸಾಸಿವೆಗಿಂತ ತುಸು ದಪ್ಪ.

ಸೋನಾಬಾಯಿ ಟವರಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ನಾಲ್ಕು ಕಾಲುಗಳ ನಡುವಿನ ಚೌಕದಲ್ಲಿ ಬಳ್ಳಿ ಏರಿಸುವಂತಿರಲಿಲ್ಲ. ಆ ಜಾಗ ಅವಳು ಬಿಟ್ಟಿರಲಿಲ್ಲ: ಮಡಿ ಮಾಡಿ ಮೆಂತ್ಯ ಹಾಕಿದ್ದಳು. ದಟ್ಟವಾಗಿ ಎದ್ದಿತ್ತು.

"ಇಲ್ಲಿ ಬಂದ್ಹಂಗ ಎಲ್ಲೂ ಬರೂದಿಲ್ಲ ನೋಡ" ಎಂದಳು ಮುದುಕಿ, ಬೇರು ಸಮೇತ ಕೀಳುತ್ತ. "ಚಪ್ಪರಿಲ್ಲೆಲಾ, ಬಿಸಲ ಸರಿಯಾಗಿ ಬೀಳ್ತೈತಿ. ನಿಮ್ಮವ್ವಗ ಒಯ್ದ ಕೊಡ."

"ಇಷ್ಟ್ಯಾಕ ಆಯಿ? ಎರಡ ಸೂಡ ಸಾಕ."

"ಸುಮ್ನಿರ."

ನಿಪ್ಪಾಣಿಗೆ ಹೋಗುವ ಮಧ್ಯಾಹ್ನದ ಬಸ್ಸಿನಲ್ಲಿ ನೀಲಮಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೊಡೆಯ ಮೇಲೆ ಮೆಂತ್ಯದ ದೊಡ್ಡ ಕಟ್ಟು. ಬೇರಿನ ಕರಿ ಮಣ್ಣು ಅವಳ ಸೀರೆಯ ಮೇಲೆ ಉದುರುತ್ತಿತ್ತು. ಅಂಕಲಿ ದಾಟುವಾಗ ಕಬ್ಬೆಲ್ಲ ಬೆಳ್ಳಗೆ ಸೂಲಂಗಿ ಹೂ ಬಿಟ್ಟು, ಗಾಳಿಗೆ ಒಂದೇ ಕಡೆ ಬಾಗಿ ನಿಂತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಸೊಪ್ಪನ್ನು ಮೂಸಿ, "ಭಾಳ ಚಲೋ ಐತಲ್ರಿ, ಎಲ್ಲಿ ಬಾಜಾರದ್ದು?" ಎಂದು ಕೇಳಿದಳು. ನೀಲಮ ಒಂದು ಸೂಡು ಬಿಚ್ಚಿ ಅವಳ ಚೀಲದಲ್ಲಿ ಹಾಕಿದಳು.